ಆಟಿಸಂಗೆ ಚಿಕಿತ್ಸೆ ಇದೆಯೇ, ಇದ್ದರೂ ಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪೋಷಕರು ಫೋನಿನಲ್ಲಿ, ಥೆರಪಿ ಕೇಂದ್ರದ ಬೆಂಚಿನ ಮೇಲೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ವೈದ್ಯೆಯಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆಟಿಸಂ ಇರುವ, ಈಗ ಮೀಸೆ ಚಿಗುರುತ್ತಿರುವ ಹುಡುಗನ ತಾಯಿ. ಮಾತ್ರೆಯ ಪ್ರಮಾಣ, ಫಿಟ್ಸ್‌ನಂತಹ ವಿಷಯಗಳಿಗೆ ವೈದ್ಯರನ್ನೇ ಕಾಣಬೇಕು. ಉಳಿದ ಕಡೆ ನನ್ನ ಅಭಿಪ್ರಾಯವನ್ನು ಮುಚ್ಚಿಟ್ಟಿಲ್ಲ.

ಸುತ್ತಿ ಬಳಸದೆ ಹೇಳಿ, ಆಟಿಸಂ ಗುಣವಾಗುತ್ತದೆಯೇ?

ಇಲ್ಲ. ಆಟಿಸಂ ಅನ್ನು ತೆಗೆದುಹಾಕುವ ಮಾತ್ರೆ, ಇಂಜೆಕ್ಷನ್, ಶಸ್ತ್ರಚಿಕಿತ್ಸೆ, ಪಥ್ಯ ಯಾವುದೂ ಇಲ್ಲ. ಅದು ಮೆದುಳು ಬೆಳೆದು ಬಂದ ರೀತಿ; ಮಾತು, ಜನರೊಡನೆ ಬೆರೆಯುವುದು, ಸದ್ದು ಸ್ಪರ್ಶ ಗ್ರಹಿಸುವುದು ಬೇರೆಯವರಂತೆ ಇರುವುದಿಲ್ಲ. ಜ್ವರದಂತೆ ಬಂದು ಬಿಟ್ಟುಹೋಗುವಂಥದ್ದಲ್ಲ.

ಹಾಗೆಂದು ಮಗು ಇದ್ದಲ್ಲೇ ಇರುತ್ತದೆ ಎಂದು ತಿಳಿಯಬೇಡಿ. ಮೂರು ವರ್ಷಕ್ಕೆ ಒಂದು ಮಾತೂ ಆಡದ ಮಗು ಏಳಕ್ಕೆ ವಾಕ್ಯ ಜೋಡಿಸಬಹುದು, ಹತ್ತಕ್ಕೆ ಒಬ್ಬನೇ ಅಂಗಡಿಗೆ ಹೋಗಿ ಹಾಲು ತರಬಹುದು. ಚಿಕ್ಕಂದಿನಲ್ಲಿ ಖಚಿತವಾಗಿ ಆಟಿಸಂ ಇದ್ದು, ದೊಡ್ಡವರಾದ ಮೇಲೆ ತಪಾಸಣೆಯಲ್ಲಿ ಆ ಲಕ್ಷಣಗಳೇ ಕಾಣದಂತಾದವರೂ ಉಂಟು. ಅಮೆರಿಕದ ಮನಃಶಾಸ್ತ್ರಜ್ಞೆ ಡೆಬೊರಾ ಫೈನ್ ಅವರ ತಂಡ 2013ರಲ್ಲಿ ಅಂತಹ 34 ಮಂದಿಯ ಅಧ್ಯಯನವನ್ನು ಪ್ರಕಟಿಸಿತು. ಆದರೆ ಯಾವ ಮಗುವಿನಲ್ಲಿ ಹಾಗಾಗುತ್ತದೆ ಎಂದು ಮುಂಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ‘ಆರು ತಿಂಗಳಲ್ಲಿ ನಾರ್ಮಲ್ ಮಾಡಿಕೊಡುತ್ತೇವೆ’ ಎಂಬ ಬೋರ್ಡು ಕಂಡರೆ ಚಪ್ಪಲಿ ಬಿಡದೆ ಹಾಗೇ ಹಿಂದಿರುಗಿ.

ಗುಣವಾಗದಿದ್ದರೆ ಆಸ್ಪತ್ರೆಗೆ, ಥೆರಪಿಗೆ ಅಲೆಯುವುದೇಕೆ?

ಆಟಿಸಂ ಇರುವ ಮಗುವಿಗೂ ಹಲ್ಲು ನೋಯುತ್ತದೆ, ಕಿವಿ ಸೋರುತ್ತದೆ, ಮಲಬದ್ಧತೆ ಆಗುತ್ತದೆ. ಫಿಟ್ಸ್ ಬೇರೆ ಮಕ್ಕಳಿಗಿಂತ ಈ ಮಕ್ಕಳಲ್ಲಿ ಹೆಚ್ಚು. ನಿದ್ರೆ ಬಾರದ ಮಕ್ಕಳು ಬಹಳ. ಮಗು ರಾತ್ರಿ ಎರಡಕ್ಕೆ ಎದ್ದು ಕುಳಿತರೆ ಮನೆಮಂದಿಗೆಲ್ಲ ಜಾಗರಣೆ. ಆತಂಕ, ಅತಿ ಚಟುವಟಿಕೆಯೂ ಜೊತೆಗಿರಬಹುದು. ಇವೆಲ್ಲಕ್ಕೂ ಚಿಕಿತ್ಸೆ ಇದೆ, ಕೊಡಿಸಲೇಬೇಕು.

ನನ್ನ ಮಗ ಎಂಟು ವರ್ಷದವನಿದ್ದಾಗ ಬಲಗೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಅಂಗೈಯಿಂದಲ್ಲ, ಮುಷ್ಟಿಯಿಂದ, ಅದೂ ಊಟವಾದ ಮೇಲೆ. ಶಾಲೆಯಲ್ಲಿ ಅದನ್ನು ಆಟಿಸಂನ ಲಕ್ಷಣ ಎಂದರು. ನಮ್ಮ ಅತ್ತೆ ಮಾತ್ರ ‘ಎಡಗೆನ್ನೆಗೆ ಯಾಕೆ ಹೊಡೆದುಕೊಳ್ಳುವುದಿಲ್ಲ?’ ಎಂದು ಕೇಳಿದರು. ದಂತವೈದ್ಯರು ಬಾಯಿ ತೆರೆಸಿ ನೋಡಿದಾಗ ಬಲಗಡೆಯ ದವಡೆ ಹಲ್ಲು ಬೇರಿನ ತನಕ ಹುಳುಕಾಗಿತ್ತು. ಹಲ್ಲು ತೆಗೆದರು, ಹೊಡೆತ ನಿಂತಿತು. ನೋವನ್ನು ಹೇಳಲು ಬಾರದ ಮಗುವಿನ ಪ್ರತಿಯೊಂದು ವರ್ತನೆಯನ್ನೂ ಆಟಿಸಂನ ಲೆಕ್ಕಕ್ಕೆ ಬರೆಯುವ ಚಾಳಿ ಶಿಕ್ಷಕರಲ್ಲೂ ಇದೆ, ಕೆಲವು ವೈದ್ಯರಲ್ಲೂ ಇದೆ. ವರ್ತನೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ತೋರಿಸಿ.

ಸ್ಪೀಚ್ ಥೆರಪಿ, ಒಟಿ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸ ಕಲಿಸುವ ತರಬೇತಿ), ವಿಶೇಷ ಶಿಕ್ಷಣದ ಕೆಲಸವೇ ಬೇರೆ. ಅವು ಮಗುವಿಗೆ ತನ್ನ ಬೇಕು ಬೇಡಗಳನ್ನು ತಿಳಿಸುವ ದಾರಿ, ಗುಂಡಿ ಹಾಕುವುದು, ಸ್ನಾನ, ಶೌಚ, ಗದ್ದಲ ತಡೆಯುವ ಉಪಾಯ ಕಲಿಸಬೇಕು. ಚೆನ್ನಾಗಿ ಮಾಡಿದರೆ ಕಲಿಸುತ್ತವೆ.

ಇದು ನನ್ನಿಂದ ಬಂತೇ? ಬಸುರಿಯಲ್ಲಿ ಏನಾದರೂ ತಿಂದೆನೇ? ಸೋದರಮಾವನನ್ನು ಮದುವೆಯಾದದ್ದಕ್ಕೇ?

ತಾಯಂದಿರು ಈ ಪ್ರಶ್ನೆಯನ್ನು ಎಲ್ಲರೂ ಎದ್ದು ಹೋದ ಮೇಲೆ ಕೇಳುತ್ತಾರೆ.

1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದು ಆಟಿಸಂ ಅನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಆಮೇಲಿನ ಎರಡು ದಶಕ, ತಾಯಿಯ ಮನಸ್ಸು ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂಬ ವಾದ ಮೆರೆಯಿತು. ಚಿಕಾಗೊದಲ್ಲಿ ಮಕ್ಕಳ ಚಿಕಿತ್ಸಾ ಶಾಲೆ ನಡೆಸುತ್ತಿದ್ದ ಬ್ರೂನೊ ಬೆಟಲ್‌ಹೈಮ್ ಅದನ್ನು ಊರೆಲ್ಲ ಸಾರಿದರು. ಸಾಕ್ಷ್ಯ ಏನೂ ಇರಲಿಲ್ಲ. ಎಷ್ಟೋ ತಾಯಂದಿರ ಬಾಳು ಮಾತ್ರ ಹಾಳಾಯಿತು. ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ, ಇದು ಮೆದುಳಿಗೆ ಸಂಬಂಧಿಸಿದ್ದು ಎಂದು ವಾದಿಸಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 21 ಜೋಡಿ ಅವಳಿಗಳನ್ನು ಪರೀಕ್ಷಿಸಿ, ಅನುವಂಶೀಯತೆಯ ಪಾತ್ರ ದೊಡ್ಡದು ಎಂದು ತೋರಿಸಿದರು. ಈಗ ಗೊತ್ತಿರುವಂತೆ ನೂರಾರು ಜೀನ್‌ಗಳು ಇದರಲ್ಲಿ ಕೈಯಾಡಿಸುತ್ತವೆ. ಒಳಸಂಬಂಧದ ಮದುವೆಯಿಂದ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ಆದರೆ ಸಂಬಂಧವೇ ಇಲ್ಲದ ದಂಪತಿಗಳ ಮಕ್ಕಳಲ್ಲೂ ಆಟಿಸಂ ಇದೆ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಜೆನೆಟಿಕ್ ಸಮಾಲೋಚನೆ ಪಡೆಯಿರಿ. ಕಳೆದುಹೋದ ಮದುವೆಯನ್ನು ಕೆದಕುತ್ತ ಕೂರುವುದರಿಂದ ಸಿಗುವುದು ಏನೂ ಇಲ್ಲ.

ಬಸುರಿಯಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದರೆ ಮಗುವಿಗೆ ಆಟಿಸಂ ಬರಬಹುದು ಎಂದು 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸರ್ಕಾರವೇ ಗುಲ್ಲೆಬ್ಬಿಸಿತು. ಸ್ವೀಡನ್ನಿನಲ್ಲಿ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ನೋಡಿದ 2024ರ ಅಧ್ಯಯನದಲ್ಲಿ, ಒಡಹುಟ್ಟಿದವರನ್ನು ಪರಸ್ಪರ ಹೋಲಿಸಿದಾಗ ಅಂತಹ ಸಂಬಂಧ ಕಾಣಲಿಲ್ಲ.

ಲಸಿಕೆ ಹಾಕಿಸಿದ ಮೇಲೇ ಮಾತು ನಿಂತಿತು ಎನ್ನುತ್ತಾರಲ್ಲ?

ಲಸಿಕೆ ಹಾಕುವ ವಯಸ್ಸೂ ಆಟಿಸಂ ಎದ್ದು ಕಾಣತೊಡಗುವ ವಯಸ್ಸೂ ಒಂದೇ ಆಗಿರುವುದರಿಂದ ಹಾಗೆ ತೋರುತ್ತದೆ. ಈ ಗುಮಾನಿಗೆ ರೆಕ್ಕೆ ಬಂದದ್ದು 1998ರಲ್ಲಿ, ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ 12 ಮಕ್ಕಳ ಬಗ್ಗೆ, ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಯತ್ತ ಬೆರಳು ಮಾಡಿ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಪ್ರಬಂಧದಿಂದ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಆತನ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ನೋಡಿದ 2019ರ ಅಧ್ಯಯನದಲ್ಲೂ ಲಸಿಕೆಗೂ ಆಟಿಸಂಗೂ ನಂಟು ಸಿಗಲಿಲ್ಲ. 2017ರಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಮಾತುಗಳನ್ನು ಈಗಲೂ ನಂಬುವವರಿದ್ದಾರೆ. ಲಸಿಕೆ ಹಾಕಿಸಿ.

ಮೊಬೈಲ್ ಕೊಟ್ಟಿದ್ದಕ್ಕೆ ‘ವರ್ಚುವಲ್ ಆಟಿಸಂ’ ಬಂದಿದೆಯಂತೆ. ಮೊಬೈಲ್ ಕಿತ್ತುಕೊಂಡರೆ ಹೋಗುತ್ತದೆಯೇ?

ಅಂತಹದೊಂದು ಕಾಯಿಲೆ ವೈದ್ಯಕೀಯ ಕೈಪಿಡಿಗಳಲ್ಲಿ ಇಲ್ಲ. ಎರಡು ವರ್ಷದ ಮಗು ದಿನವಿಡೀ ತೆರೆ ನೋಡುತ್ತ ಕುಳಿತರೆ ಅದರೊಡನೆ ಮಾತಾಡುವವರು ಕಡಿಮೆಯಾಗುತ್ತಾರೆ, ಮಾತು ತಡವಾಗುತ್ತದೆ. ಮೊಬೈಲ್ ಖಂಡಿತ ಕಡಿಮೆ ಮಾಡಿ. ಮೂರು ತಿಂಗಳಾದರೂ ಮಗು ಹೆಸರು ಕರೆದರೆ ತಿರುಗುವುದಿಲ್ಲ, ಬೆರಳು ತೋರಿಸಿ ಕೇಳುವುದಿಲ್ಲ ಎಂದಾದರೆ ಇನ್ನೂ ಮೂರು ತಿಂಗಳು ನೋಡೋಣ ಎನ್ನಬೇಡಿ.

‘ಅವರಪ್ಪನಿಗೂ ಐದು ವರ್ಷಕ್ಕೆ ಮಾತು ಬಂದಿದ್ದು’ ಎನ್ನುತ್ತಾರೆ ಅತ್ತೆ. ಕಾಯಬಹುದೇ?

ಅವರು ಹೇಳುವುದು ನಿಜವೇ ಇರಬಹುದು. ಆದರೂ ಕಾಯಬೇಡಿ. ಬಜೆ ತೇಯ್ದು ನೆಕ್ಕಿಸುತ್ತ, ನಾಲಿಗೆಯ ಕೆಳಗಿನ ತಂತು ಕತ್ತರಿಸಬೇಕೇನೋ ಎಂದು ವಿಚಾರಿಸುತ್ತ ವರ್ಷ ಕಳೆಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಸೇರಿಸದಿದ್ದರೆ, ಬಂದ ಮಾತು ಹೋದರೆ ತಕ್ಷಣ ತೋರಿಸಿ. ಮೊದಲು ಶ್ರವಣ ಪರೀಕ್ಷೆ. ಕಿವಿ ಕೇಳದ ಮಗುವನ್ನೂ ಜನ ಆಟಿಸಂ ಎಂದುಬಿಡುತ್ತಾರೆ.

ಅಂಗನವಾಡಿಗೆ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿದರೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಅಂಗವಿಕಲರ ನೆರವಿಗೆ ಕೇಂದ್ರ ಸರ್ಕಾರ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರ, ಎಲ್ಲರ ಬಾಯಲ್ಲಿ ಸಿಆರ್‌ಸಿ, ದಾವಣಗೆರೆಯಲ್ಲೇ ಇದೆ. ಇನ್ನೊಂದು ಅಭಿಪ್ರಾಯ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್, ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.

‘ಆಟಿಸಂ ಅನ್ನು ಗುಣಪಡಿಸಲು ಹೋಗಲೇಬಾರದು’ ಎನ್ನುವವರೂ ಇದ್ದಾರಂತೆ. ಅವರಿಗೆ ನಮ್ಮ ಕಷ್ಟ ಗೊತ್ತೇ?

ಅವರಲ್ಲಿ ಬಹಳಷ್ಟು ಮಂದಿ ಸ್ವತಃ ಆಟಿಸಂ ಇರುವ ವಯಸ್ಕರು. 1993ರಲ್ಲಿ ಕೆನಡಾದ ಟೊರಾಂಟೊ ಸಮ್ಮೇಳನದಲ್ಲಿ, ಆಟಿಸಂ ಇರುವ ಜಿಮ್ ಸಿಂಕ್ಲೇರ್ ಪೋಷಕರಿಗೆ ಮುಖದ ಮೇಲೆ ಹೊಡೆದಂತೆ ಹೇಳಿದ್ದರ ಸಾರ ಇಷ್ಟು: ಆಟಿಸಂ ಮಗುವಿನೊಳಗೆ ಹೊಕ್ಕು ಕುಳಿತ ಬೇರೇನೋ ಅಲ್ಲ, ಮಗು ಇರುವುದೇ ಹಾಗೆ, ಇದು ಹೋಗಲಿ ಎಂದು ನೀವು ಹರಕೆ ಹೊತ್ತರೆ, ಈ ಮಗು ಬೇಡ, ಬೇರೆ ಮಗು ಬೇಕು ಎಂದು ಬೇಡಿಕೊಂಡಂತಾಗುತ್ತದೆ. 2006ರಲ್ಲಿ ಅಮೆರಿಕದಲ್ಲಿ ಆಟಿಸಂ ಇರುವವರೇ ನಡೆಸುವ ಸಂಘಟನೆ ಹುಟ್ಟಿತು. 2005ರಲ್ಲಿ ಸ್ಥಾಪನೆಯಾಗಿ, ಗುಣಪಡಿಸುವುದನ್ನೂ ಗುರಿಯಾಗಿಟ್ಟುಕೊಂಡಿದ್ದ ಆಟಿಸಂ ಸ್ಪೀಕ್ಸ್ ಎಂಬ ದೊಡ್ಡ ಸಂಸ್ಥೆ 2016ರಲ್ಲಿ ತನ್ನ ಧ್ಯೇಯವಾಕ್ಯದಿಂದ ಆ ಮಾತನ್ನೇ ತೆಗೆದುಹಾಕಿತು.

ಇವರ ವಾದದಲ್ಲಿ ನನಗೆ ಗಟ್ಟಿ ಎನಿಸುವುದು ತತ್ವಕ್ಕಿಂತ ಅನುಭವ. ಸದಾ ಬೇರೆಯವರಂತೆ ನಟಿಸುತ್ತ ಬೆಳೆದವರು, ಅಂದರೆ ಬಲವಂತವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ, ಆಡಿಸಬೇಕೆನಿಸಿದ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಬದುಕಿದವರು, ದೊಡ್ಡವರಾದ ಮೇಲೆ ಆತಂಕ, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳಲ್ಲಿ ನರಳುವುದನ್ನು ಅಧ್ಯಯನಗಳೂ ಹೇಳುತ್ತವೆ, ಅವರೂ ಹೇಳುತ್ತಾರೆ.

ಎದುರು ಪಕ್ಷದಲ್ಲಿ ನಿಂತ ಪೋಷಕರ ಮಾತನ್ನೂ ತಳ್ಳಿಹಾಕುವಂತಿಲ್ಲ. ಹದಿನಾಲ್ಕು ವರ್ಷದ ಮಗನಿಗೆ ಇನ್ನೂ ಡಯಾಪರ್, ಗೋಡೆಗೆ ಹಣೆ ಚಚ್ಚಿಕೊಂಡು ರಕ್ತ ಬರಿಸಿಕೊಳ್ಳುತ್ತಾನೆ, ಮಾತಿಲ್ಲ. ‘ವೇದಿಕೆ ಮೇಲೆ ಭಾಷಣ ಮಾಡುವವರು ನನ್ನ ಮಗನ ಪರವಾಗಿ ಹೇಗೆ ಮಾತಾಡುತ್ತಾರೆ?’ ಎಂದು ಚಳ್ಳಕೆರೆ ಕಡೆಯ ತಂದೆಯೊಬ್ಬರು ನನ್ನನ್ನು ಕೇಳಿದರು. 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ್ದ ಆಯೋಗ, ದಿನದ ಇಪ್ಪತ್ನಾಲ್ಕು ಗಂಟೆಯೂ ಒಬ್ಬರ ಆಸರೆ ಬೇಕಾದವರನ್ನು ‘ತೀವ್ರತಮ ಆಟಿಸಂ’ ಎಂದು ಪ್ರತ್ಯೇಕವಾಗಿ ಗುರುತಿಸಬೇಕೆಂದದ್ದು ಇಂತಹ ಕುಟುಂಬಗಳು ಚರ್ಚೆಯಿಂದ ಮರೆಯಾಗಬಾರದೆಂದೇ. ಹಾಗೆ ವಿಂಗಡಿಸುವುದು ಸರಿಯಲ್ಲ ಎಂದು ಆಟಿಸಂ ಇರುವ ಹೋರಾಟಗಾರರು ಅದಕ್ಕೂ ತಕರಾರು ತೆಗೆದರು.

ನಾನು ಈ ಜಗಳದಲ್ಲಿ ಒಂದು ಪ್ರಶ್ನೆಯನ್ನು ಹಿಡಿದುಕೊಂಡಿದ್ದೇನೆ: ಈ ಚಿಕಿತ್ಸೆಯಿಂದ ಕಡಿಮೆಯಾಗುವುದು ಯಾರ ಕಷ್ಟ? ಹಣೆ ಚಚ್ಚಿಕೊಳ್ಳುವುದು ನಿಂತರೆ ಮಗುವಿನ ಕಷ್ಟ ಹೋಗುತ್ತದೆ. ಅದಕ್ಕೆ ಏನು ಬೇಕಾದರೂ ಮಾಡೋಣ. ಕೈ ಆಡಿಸುವುದು ನಿಂತರೆ ಹೋಗುವುದು ಬಸ್ಸಿನಲ್ಲಿ ನಮ್ಮನ್ನೇ ದುರುಗುಟ್ಟುವವರ ಮುಜುಗರ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿ ವಿದ್ಯುತ್ ಯಂತ್ರಗಳನ್ನು ನೋಡಿದರೆ ನನಗೆ ಪರಿಚಯದ ಹುಡುಗಿಯೊಬ್ಬಳು ಕುಣಿದು ಕುಪ್ಪಳಿಸುತ್ತಾಳೆ. ಹೆದ್ದಾರಿಯಲ್ಲಿ ಹೋಗುವಾಗ ಯಾವುದು ತಿರುಗುತ್ತಿದೆ, ಯಾವುದು ನಿಂತಿದೆ ಎಂದು ಎಣಿಸುತ್ತಾಳೆ. ತಿರುಗುವ ವಸ್ತುಗಳ ಮೇಲಿನ ಆಸಕ್ತಿ ತಗ್ಗಿಸುವುದು ಎಂದು ಅವಳ ಥೆರಪಿ ಗುರಿಗಳ ಪಟ್ಟಿಯಲ್ಲಿ ಬರೆದಿದ್ದರು. ಅವಳ ತಾಯಿ ಆ ಸಾಲನ್ನು ಹೊಡೆದುಹಾಕಿ, ಅದೇ ರೆಕ್ಕೆಗಳನ್ನು ಹಿಡಿದು ಕೂಡುವ ಲೆಕ್ಕ ಕಲಿಸಿದರು.

ಇನ್ನೊಂದು ಮಾತು. ಅಮೆರಿಕದಲ್ಲಿ ಈ ವಾದ ಎದ್ದದ್ದು ವಾರಕ್ಕೆ ನಲವತ್ತು ಗಂಟೆ ಥೆರಪಿಗೆ ಕೂರಿಸಿದ್ದರ ವಿರುದ್ಧ. ಮೊಳಕಾಲ್ಮುರು, ಜಗಳೂರು, ಹೊಸದುರ್ಗದ ಹಳ್ಳಿಗಳ ಮಗುವಿಗೆ ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಸಿಕ್ಕರೆ ಪುಣ್ಯ. ಅದಕ್ಕೂ ತಾಯಿ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಹಾಗಾಗಿ ಆ ಚರ್ಚೆ ನಮಗೆ ಸಂಬಂಧಿಸಿದ್ದಲ್ಲ ಎನ್ನುವವರಿದ್ದಾರೆ. ನನಗೆ ತೋರುವುದು ತಿರುಗುಮುರುಗು. ಇರುವುದೇ ಮುಕ್ಕಾಲು ಗಂಟೆಯಾದರೆ ಅದನ್ನು ‘ನನ್ನ ಕಣ್ಣು ನೋಡು, ನನ್ನ ಕಣ್ಣು ನೋಡು’ ಎನ್ನುವುದರಲ್ಲಿ ಕಳೆಯಲು ನಮಗೆ ಪುರುಸೊತ್ತಿಲ್ಲ. ನೀರು ಬೇಕು, ಹೊಟ್ಟೆ ನೋಯುತ್ತಿದೆ, ಇದು ಬೇಡ ಎಂದು ಮಾತಿನಲ್ಲೋ ಕೈಸನ್ನೆಯಲ್ಲೋ ಚಿತ್ರದ ಕಾರ್ಡಿನಲ್ಲೋ ತಿಳಿಸಲು ಮೊದಲು ಕಲಿಸಿ ಎಂದು ಕೇಳಿ.

ಎಬಿಎ ಥೆರಪಿ ಒಳ್ಳೆಯದೇ? ಒಬ್ಬರು ಅದೊಂದೇ ದಾರಿ ಎನ್ನುತ್ತಾರೆ, ಇನ್ನೊಬ್ಬರು ಹಿಂಸೆ ಎನ್ನುತ್ತಾರೆ.

ಎಬಿಎ ಎಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಮಾಡಿದಾಗ ಬಹುಮಾನ ಕೊಟ್ಟು ವರ್ತನೆ ತಿದ್ದುವ ವಿಧಾನ. ಇಬ್ಬರಿಗೂ ಆಧಾರ ಒಂದೇ ಕಡೆ ಇದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಐವರ್ ಲೊವಾಸ್, ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಉಳಿದ ಮಕ್ಕಳಂತೆಯೇ ಶಾಲೆಗೆ ಹೋಗುವಂತಾದರು ಎಂದು ವರದಿ ಮಾಡಿದರು. ಪೋಷಕರು ಅದರ ಬೆನ್ನು ಬಿದ್ದರು. ಅದೇ ವರದಿಯ ಮಕ್ಕಳಿಗೆ, ಹೇಳಿದ್ದು ಕೇಳದಿದ್ದಾಗ ಜೋರಾಗಿ ಗದರುವುದು, ತೊಡೆಗೆ ಏಟು ಕೊಡುವುದು ಕ್ರಮದ ಭಾಗವಾಗಿತ್ತು. ಯಾವ ಮಗು ಈ ತರಬೇತಿಯ ಗುಂಪಿಗೆ, ಯಾವುದು ಹೋಲಿಕೆಯ ಗುಂಪಿಗೆ ಎಂದು ಚೀಟಿ ಎತ್ತಿಯೂ ನಿರ್ಧರಿಸಿರಲಿಲ್ಲ. ವಿಜ್ಞಾನದ ದೃಷ್ಟಿಯಿಂದ ಅದು ಸಣ್ಣ ಕೊರತೆಯಲ್ಲ. ಕೆನಡಾದಲ್ಲಿ ಈ ಥೆರಪಿಯ ಖರ್ಚನ್ನು ಸರ್ಕಾರ ಭರಿಸಲೇಬೇಕೆಂದು ಪೋಷಕರು ಹೂಡಿದ ದಾವೆ ಸುಪ್ರೀಂ ಕೋರ್ಟಿನ ತನಕ ಹೋಗಿ 2004ರಲ್ಲಿ ಸೋತಿತು. ಆಟಿಸಂ ಇರುವ ಮಿಶೆಲ್ ಡಾಸನ್ ಆ ಮೊಕದ್ದಮೆಯಲ್ಲಿ ಪೋಷಕರ ವಿರುದ್ಧವೇ ವಾದ ಮಂಡಿಸಿದ್ದರು.

ಇಂದು ಎಬಿಎ ಎಂಬ ಬೋರ್ಡಿನ ಕೆಳಗೆ ಹೊಡೆಯುವ ಕೇಂದ್ರವೂ ಇರಬಹುದು, ಮಗುವಿನ ಜೊತೆ ನೆಲದ ಮೇಲೆ ಕುಳಿತು ಆಡುತ್ತ ಕಲಿಸುವ ಕೇಂದ್ರವೂ ಇರಬಹುದು. ಆದ್ದರಿಂದ ಬೋರ್ಡು ಬಿಟ್ಟು ಕೋಣೆ ನೋಡಿ. ಥೆರಪಿ ನಡೆಯುವಾಗ ತಾಯಿ ತಂದೆಯನ್ನು ಒಳಗೆ ಬಿಡುವುದಿಲ್ಲ ಎಂದರೆ ನನಗೆ ಅದೊಂದೇ ಸಾಕು, ಬೇರೆ ಕಡೆ ಹುಡುಕುತ್ತೇನೆ. ಅಳುವ ಮಗುವನ್ನು ಕುರ್ಚಿಗೆ ಕಟ್ಟಿ ಕೂರಿಸಿದರೆ, ಹಸಿವನ್ನೇ ಆಯುಧ ಮಾಡಿಕೊಂಡು ತಿಂಡಿ ತೋರಿಸಿ ಕೆಲಸ ತೆಗೆದರೆ ಎದ್ದು ಬನ್ನಿ. ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಮನಃಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ವಾರಕ್ಕೆ ಎಷ್ಟು ಗಂಟೆ ಬೇಕು? ನಮಗೆ ಪಟ್ಟಣದಲ್ಲಿ ಮನೆ ಮಾಡಲು ಆಗುವುದಿಲ್ಲ.

ಪಟ್ಟಣದಲ್ಲಿ ಮನೆ ಮಾಡುವುದು ಬೇಡ, ಮನೆಯಲ್ಲೇ ನೀವೇ ಕಲಿಸಬಹುದು. ಬ್ರಿಟನ್ನಿನಲ್ಲಿ 152 ಮಕ್ಕಳೊಡನೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತರಬೇತಿ ಕೊಟ್ಟದ್ದು ಪೋಷಕರಿಗೆ. ಅವರು ಮಗುವಿನೊಡನೆ ಆಡುವ ವಿಡಿಯೊ ತೆಗೆದು, ಅದನ್ನು ಅವರಿಗೇ ತೋರಿಸಿ, ಮಗು ಸುಳಿವು ಕೊಟ್ಟ ಕ್ಷಣಗಳನ್ನು ಗುರುತಿಸುವುದನ್ನು ಕಲಿಸಿದರು. ಅದೇ ವಿಧಾನವನ್ನು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮನೆಗಳಲ್ಲಿ ಪ್ರಯೋಗಿಸಿ 2016ರಲ್ಲಿ ವರದಿ ಕೊಟ್ಟರು. ಅಲ್ಲಿ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಕ್ಕಳು ತಾವಾಗಿ ತಾಯಿಯತ್ತ ತಿರುಗಿ ಸಂವಹನ ಆರಂಭಿಸುವುದು ಹೆಚ್ಚಿತು. ನಮ್ಮ ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸುವುದಕ್ಕೆ ಏನು ಅಡ್ಡಿ ಎಂದು ನಾನು ಅಧಿಕಾರಿಗಳನ್ನು ಕೇಳುತ್ತಲೇ ಇದ್ದೇನೆ.

ಮನೆಯಲ್ಲಿ ಹೇಗೆ ಎಂದರೆ: ಮಗು ಬೋಗುಣಿಯ ಮುಚ್ಚಳ ತಿರುಗಿಸುತ್ತಿದ್ದರೆ ಕಿತ್ತುಕೊಳ್ಳದೆ ಪಕ್ಕದಲ್ಲಿ ಕುಳಿತು ನೀವೂ ಒಂದು ತಿರುಗಿಸಿ. ಅದು ನಿಮ್ಮತ್ತ ಒಮ್ಮೆ ನೋಡುವ ತನಕ ಮಾತಾಡಬೇಡಿ. ನೋಡಿದಾಗ ಒಂದೇ ಪದ ಹೇಳಿ: ‘ಗಿರಗಿರ’. ಆಮೇಲೆ ಸುಮ್ಮನಿರಿ. ಅಡುಗೆ ಮನೆಯ ಗಡಿಬಿಡಿಯಲ್ಲಿ ಸುಮ್ಮನೆ ಕಾಯುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ, ಗೊತ್ತು.

ಆಟಿಸಂ ಬಾರದಂತೆ ಮೊದಲೇ ತಡೆಯಬಹುದೇ?

2021ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ವೈಟ್‌ಹೌಸ್ ತಂಡದ ವರದಿ ಬಂತು. ಒಂದು ವರ್ಷದ ಆಸುಪಾಸಿನಲ್ಲೇ ಆರಂಭಿಕ ಲಕ್ಷಣ ತೋರಿದ ನೂರಕ್ಕೂ ಹೆಚ್ಚು ಶಿಶುಗಳಲ್ಲಿ ಅರ್ಧದಷ್ಟು ಮಂದಿಯ ಪೋಷಕರಿಗೆ ಇಂತಹದೇ ವಿಡಿಯೊ ತರಬೇತಿ ಕೊಟ್ಟರು. ಮೂರು ವರ್ಷಕ್ಕೆ ಆಟಿಸಂ ಎಂದು ನಿರ್ಧಾರವಾದವರು ತರಬೇತಿಯ ಗುಂಪಿನಲ್ಲಿ ಶೇ 6.7, ಇನ್ನೊಂದರಲ್ಲಿ ಶೇ 20.5. ಕುತೂಹಲಕಾರಿ ಸಂಗತಿಯೇ. ಆದರೆ ಪ್ರಯೋಗ ಸಣ್ಣದು. ಮಕ್ಕಳ ಸ್ವಭಾವ ಬದಲಾಯಿತೇ, ನೆರವು ಸಿಕ್ಕಿದ್ದರಿಂದ ತೊಡಕು ಮಾನದಂಡಕ್ಕಿಂತ ಕೆಳಗಿಳಿಯಿತೇ ಎಂಬುದರ ಮೇಲೆ ಇನ್ನೂ ಚರ್ಚೆ ಇದೆ. ಎರಡನೆಯದೇ ಇರಬೇಕೆಂದು ನನ್ನ ಊಹೆ.

ಆಕರ ಕೋಶಗಳನ್ನು ಸೂಜಿಯಲ್ಲಿ ಕೊಡುವ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಲು ಹೊಲ ಮಾರಲು ಹೊರಟಿದ್ದೇವೆ.

ದಯವಿಟ್ಟು ಮಾರಬೇಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿ 2022ರ ಡಿಸೆಂಬರ್‌ನಲ್ಲೇ, ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದನ್ನು ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಎಂದು ಹೇಳಿದೆ. ಯೂಟ್ಯೂಬಿನಲ್ಲಿ ‘ನಮ್ಮ ಮಗ ಈಗ ಹಾಡುತ್ತಾನೆ’ ಎನ್ನುವ ಪೋಷಕರು ಸುಳ್ಳು ಹೇಳುತ್ತಿಲ್ಲದಿರಬಹುದು. ಒಂದು ವರ್ಷದಲ್ಲಿ ಮಕ್ಕಳು ಬೆಳೆಯುತ್ತಾರೆ, ಅದರ ಕೀರ್ತಿ ಸೂಜಿಗೆ ಹೋಗುತ್ತದೆ. ನಿಜವಾದ ವೈದ್ಯಕೀಯ ಪ್ರಯೋಗವಾದರೆ ಪರೀಕ್ಷೆಗೊಳಗಾಗುವವರಿಂದ ಲಕ್ಷಗಟ್ಟಲೆ ಹಣ ಕೀಳುವುದಿಲ್ಲ.

ಗೋಧಿ, ಹಾಲು ಬಿಡಿಸಿದರೆ ಸರಿಹೋಗುತ್ತದೆಯೇ?

ಸರಿಹೋಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಗೋಧಿ ಬಿಡುವುದು ನಮ್ಮ ಕಡೆ ದೊಡ್ಡ ವಿಷಯವೇ ಅಲ್ಲ. ರಾಗಿ, ಜೋಳ, ನವಣೆ, ಅಕ್ಕಿ ಯಾವುದರಲ್ಲೂ ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಇಲ್ಲ. ತೊಂದರೆ ಹಾಲಿನದು. ಈ ಮಕ್ಕಳಲ್ಲಿ ಎಷ್ಟೋ ಮಂದಿ ತಿನ್ನುವುದೇ ಮೂರು ನಾಲ್ಕು ಪದಾರ್ಥ. ನನ್ನ ಮಗ ಒಂದು ಕಾಲದಲ್ಲಿ ಮೊಸರನ್ನ ಮತ್ತು ಒಣ ಮಂಡಕ್ಕಿ ಮಾತ್ರ ತಿನ್ನುತ್ತಿದ್ದ. ಒಗ್ಗರಣೆ ಹಾಕಿದ ಮಂಡಕ್ಕಿಯಲ್ಲ. ಗರಿಗರಿ, ಬೆಳ್ಳಗೆ, ಒಂದಕ್ಕೊಂದು ಅಂಟದ ಮಂಡಕ್ಕಿ. ಸ್ವಲ್ಪ ಮೆತ್ತಗಾಗಿದ್ದರೂ ಬೆರಳಲ್ಲಿ ಒತ್ತಿ ನೋಡಿ ತಟ್ಟೆ ದೂಡುತ್ತಿದ್ದ. ಅಂತಹವನಿಂದ ಮೊಸರು ಕಸಿದಿದ್ದರೆ ಉಳಿಯುತ್ತಿದ್ದುದೇನು? ಹಾಲು ನಿಜಕ್ಕೂ ಒಗ್ಗದಿದ್ದರೆ, ಸೀಲಿಯಾಕ್ (ಗ್ಲುಟನ್ ಒಗ್ಗದ) ಕಾಯಿಲೆ ಇದ್ದರೆ ವೈದ್ಯರು ಪರೀಕ್ಷೆ ಮಾಡಿ ಹೇಳುತ್ತಾರೆ, ಆಗ ಬಿಡಿಸಿ.

ಮಾತ್ರೆ ಬರೆದುಕೊಟ್ಟಿದ್ದಾರೆ. ಕೊಡಬಹುದೇ?

ಯಾವುದಕ್ಕೆ ಎಂದು ಕೇಳಿ. ಆಟಿಸಂ ಇರುವ ಮಕ್ಕಳ ವಿಪರೀತ ಸಿಡುಕು, ಆಕ್ರಮಣ, ಸ್ವಯಂ ಹಾನಿಗೆ ಅಮೆರಿಕದಲ್ಲಿ 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್ ಔಷಧಿಗಳಿಗೆ ಅನುಮತಿ ಸಿಕ್ಕಿತು. ಆಟಿಸಂಗಾಗಿಯೇ ಅಲ್ಲ. ಅವು ಕೆಲವು ಮನೆಗಳನ್ನು ಉಳಿಸಿವೆ. ರಿಸ್ಪೆರಿಡೋನ್‌ನಿಂದ ಹಸಿವು, ತೂಕ ಏರುತ್ತವೆ. ತೂಕ ಮತ್ತು ರಕ್ತ ಪರೀಕ್ಷೆ ಬಿಡಬಾರದು. ಕಾರಣ ಹುಡುಕದೆ, ಮಗು ಗಲಾಟೆ ಮಾಡದಿರಲಿ ಎಂದು ಮಾತ್ರೆ ಕೇಳುವ ಶಾಲೆಗಳ ಮಾತಿಗೆ ಸೊಪ್ಪು ಹಾಕಬೇಡಿ. ಶುರು ಮಾಡಿದ್ದನ್ನು ನೀವಾಗಿ ಥಟ್ಟನೆ ನಿಲ್ಲಿಸಲೂ ಬೇಡಿ.

ಕೀಲೇಷನ್ (ಮೈಯಿಂದ ಲೋಹ ತೆಗೆಯುವ ಔಷಧಿ), ಆಕ್ಸಿಜನ್ ಚೇಂಬರ್, ಕ್ಲೋರಿನ್ ಡೈಆಕ್ಸೈಡ್ ಹನಿ?

ಬೇಡ, ಬೇಡ, ಬೇಡವೇ ಬೇಡ. ಕೀಲೇಷನ್‌ನಿಂದ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಹುಡುಗನೊಬ್ಬ ಸತ್ತಿದ್ದಾನೆ. ಮೊದಲೆರಡನ್ನೂ ಆಟಿಸಂಗೆ ಬಳಸಕೂಡದು ಎಂದು ಬ್ರಿಟನ್ನಿನ 2013ರ ಮಾರ್ಗಸೂಚಿ ಹೇಳುತ್ತದೆ. ಮೂರನೆಯದು ಬಟ್ಟೆ ಬಿಳುಪು ಮಾಡುವ ಬ್ಲೀಚಿನ ಜಾತಿಯ ರಾಸಾಯನಿಕ.

ಉಕ್ಕಡಗಾತ್ರಿಗೆ, ನಾಯಕನಹಟ್ಟಿಗೆ ಹರಕೆ ಹೊತ್ತಿದ್ದೇವೆ. ತಪ್ಪೇ?

ತಪ್ಪಿಲ್ಲ. ಉಕ್ಕಡಗಾತ್ರಿಯ ಅಜ್ಜಯ್ಯನ ಮುಂದೆ ಅತ್ತು ಬಂದರೆ ನಿಮ್ಮ ಎದೆ ಹಗುರವಾಗುತ್ತದೆ. ನಿಮಗೂ ಅದು ಬೇಕು. ನಾನು ಎರಡೇ ಷರತ್ತು ಹೇಳುತ್ತೇನೆ. ದೆವ್ವ ಬಿಡಿಸುತ್ತೇನೆಂದು ಹೊಡೆಯುವ, ಹೊಗೆ ಹಾಕುವ, ಉಪವಾಸ ಕೆಡವುವ ಯಾರ ಕೈಗೂ ಮಗುವನ್ನು ಕೊಡಬೇಡಿ. ಹಾಗೆಯೇ, ಜಾತ್ರೆಯ ದಿನ ಬಿಟ್ಟು ಸಾಮಾನ್ಯ ದಿನ ಕರೆದುಕೊಂಡು ಹೋಗಿ. ಡೊಳ್ಳು, ಮೈಕು, ಪಟಾಕಿ, ಜನರ ನೂಕುನುಗ್ಗಲು ಈ ಮಕ್ಕಳ ಕಿವಿಗೆ ಚಿತ್ರಹಿಂಸೆ. ದುಗ್ಗಮ್ಮನ ಜಾತ್ರೆಗೆ ಹೋಗಲೇಬೇಕೆಂದರೆ, ಸದ್ದು ತಡೆಯುವ ಹೆಡ್‌ಫೋನ್ ಹಾಕಿಸಿ ಬೆಳಗಿನ ಜಾವವೇ ಮುಗಿಸಿಕೊಂಡು ಬನ್ನಿ.

ಇಂತಹವರು ಯಾವುದಾದರೊಂದರಲ್ಲಿ ಮಹಾ ಬುದ್ಧಿವಂತರಾಗಿರುತ್ತಾರಂತೆ?

ಕೆಲವರು ಮಾತ್ರ. ನನ್ನ ಮಗನಿಗೆ ದಾವಣಗೆರೆಯಲ್ಲಿ ನಿಲ್ಲುವ ರೈಲುಗಳ ನಂಬರು ಬಾಯಿಪಾಠ, ಶೂ ಲೇಸ್ ಕಟ್ಟಲು ಇನ್ನೂ ಬರುವುದಿಲ್ಲ. ಬುದ್ಧಿವಂತನಾಗಿದ್ದರೆ ಮಾತ್ರ ಒಪ್ಪಿಕೊಳ್ಳುತ್ತೇವೆ ಎನ್ನುವುದು ಗುಣಪಡಿಸುವ ಹಟದ ಇನ್ನೊಂದು ಮುಖ.

ಮದುವೆ ಮಾಡಿದರೆ ಸರಿಹೋಗುತ್ತದೆಯೇ?

ಇಲ್ಲ. ಆಟಿಸಂ ಇರುವ ಎಷ್ಟೋ ಮಂದಿ ತಾವೇ ಇಷ್ಟಪಟ್ಟು ಮದುವೆಯಾಗಿ ಬಾಳುತ್ತಿದ್ದಾರೆ, ಅದು ಬೇರೆ. ಹೇಳದೆ ಮುಚ್ಚಿಟ್ಟು ಇನ್ನೊಬ್ಬರ ಮನೆ ಹೆಣ್ಣುಮಗಳ ಕೊರಳಿಗೆ ಕಟ್ಟುವುದು ಮೋಸ.

ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಿದರೆ ಹಣೆಪಟ್ಟಿ ಅಂಟಿದಂತೆ ಅಲ್ಲವೇ?

ಆಟಿಸಂ ಒಂದು ಬಗೆಯ ಬದುಕು, ಅಂಗವಿಕಲತೆಯಲ್ಲ ಎಂದು ವಾದಿಸುವವರೂ ಸರ್ಟಿಫಿಕೇಟ್ ಬೇಕಾದಾಗ ಸಾಲಿನಲ್ಲಿ ನಿಲ್ಲುತ್ತಾರೆ; ನಿಲ್ಲಬೇಕು ಕೂಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸ್ವಲೀನತೆ ಎಂಬ ಹೆಸರಿನಲ್ಲಿ ಇದೂ ಇದೆ. 40 ಅಂಶಗಳ ಭಾರತೀಯ ಮಾಪನದಲ್ಲಿ ಪ್ರತಿಯೊಂದಕ್ಕೂ 1ರಿಂದ 5ರ ತನಕ ಅಂಕ ಕೊಟ್ಟು ಪ್ರಮಾಣ ನಿರ್ಧರಿಸುತ್ತಾರೆ. ಪರೀಕ್ಷೆಯ ದಿನ ಮಗು ಹೊಸ ಜಾಗದಲ್ಲಿ ಮಂಕಾಗಿ ಕೂರಬಹುದು. ಮನೆಯಲ್ಲಿ ತೆಗೆದ ವಿಡಿಯೊ ಜೊತೆಗಿರಲಿ. ಶೇ 40 ಮತ್ತು ಮೇಲ್ಪಟ್ಟರೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕಿದೆ, ಪಿಂಚಣಿ, ಪಾಸು, ತೆರಿಗೆ ವಿನಾಯಿತಿಗೂ ಇದೇ ಆಧಾರ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ನಡೆಸುವ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ₹1 ಲಕ್ಷದ ತನಕ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಇಷ್ಟು ಇದ್ದೂ ನಮ್ಮ ತಾಲ್ಲೂಕುಗಳಲ್ಲಿ ನಿರಾಮಯದ ಹೆಸರು ಕೇಳದವರೇ ಹೆಚ್ಚು. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಅರ್ಜಿ ತುಂಬಿಸುವುದು ಅವರ ಕೆಲಸ, ಕೇಳಿ ಮಾಡಿಸಿಕೊಳ್ಳಿ.

ಶಾಲೆಯವರು ಸೀಟು ಕೊಡುವುದಿಲ್ಲ ಎನ್ನುತ್ತಾರೆ.

ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಯಾವ ಶಾಲೆಯೂ ಅಂಗವಿಕಲತೆಯ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದರೆ ಅರ್ಧದಷ್ಟು ಮುಖ್ಯೋಪಾಧ್ಯಾಯರು ಮೆತ್ತಗಾಗುತ್ತಾರೆ. ಉಳಿದವರಿಗೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಇದೆ. ಪ್ರತಿ ಬ್ಲಾಕ್‌ನಲ್ಲೂ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ, ಅವರನ್ನು ಶಾಲೆಗೆ ಕರೆಸಿಕೊಳ್ಳಿ.

ನಾವು ಹೋದ ಮೇಲೆ ಇವನ ಗತಿ?

ಗುಣಪಡಿಸಿ ಎಂದು ಪೋಷಕರು ಎಲ್ಲೆಲ್ಲಿಗೋ ಓಡುವುದರ ಹಿಂದೆ ಇರುವುದು ಈ ಪ್ರಶ್ನೆಯೇ. ನೋಡಿಕೊಳ್ಳುವವರಿದ್ದಾರೆ ಎಂಬ ಭರವಸೆ ಇದ್ದಿದ್ದರೆ ಸ್ಟೆಮ್ ಸೆಲ್ ಅಂಗಡಿಗಳಿಗೆ ಅರ್ಧ ಗಿರಾಕಿಗಳೂ ಇರುತ್ತಿರಲಿಲ್ಲ. ದೊಡ್ಡವರಾದವರಿಗೆ ಹಗಲಿನ ಆರೈಕೆ, ಕೆಲಸ, ವಸತಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಬಹಳ ಕಡಿಮೆ. ಚಿಕಿತ್ಸೆ ಬೇಕೇ ಬೇಡವೇ ಎಂದು ಜಗಳವಾಡುವ ಎರಡೂ ಪಕ್ಷದವರು ಸೇರಿ ಕೇಳಬೇಕಾದದ್ದು ಇದನ್ನು.

ಕಾಗದಪತ್ರದ ಮಟ್ಟಿಗೆ ಹೇಳುವುದಾದರೆ, 18 ತುಂಬಿದ ಮೇಲೆ ತಾಯಿ ತಂದೆ ತಾವಾಗಿ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಎಲ್ಲರಿಗೂ ಪೂರ್ಣ ಪೋಷಕತ್ವ ಬೇಕಾಗಿಲ್ಲ. ಮಗ ತಾನೇ ತೀರ್ಮಾನಿಸಬಲ್ಲ ವಿಷಯಗಳಲ್ಲಿ ಅವನ ಸಹಿಗೇ ಬೆಲೆ ಇರುವಂತೆ, ಅವನೊಡನೆ ಚರ್ಚಿಸಿ ಮಾಡುವ ಸೀಮಿತ ಪೋಷಕತ್ವಕ್ಕೆ 2016ರ ಕಾಯ್ದೆಯಲ್ಲಿ ಅವಕಾಶವಿದೆ. ಹದಿನೇಳು ತುಂಬಿದ ಕೂಡಲೇ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು, ಆಧಾರ್, ಜನನ ಪ್ರಮಾಣಪತ್ರದಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಒಂದು ಇನಿಷಿಯಲ್ ಹಿಂದೆಮುಂದಾಗಿದ್ದರೂ ಅರ್ಜಿ ವಾಪಸು ಬರುತ್ತದೆ.